ನಾನು ಬರೆದ ಆರನೇ ಸೂಚನೆ

1996ನೇ ಇಸವಿ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರದ ಒಂದು ಕನ್ನಡಕದ ಅಂಗಡಿಯಲ್ಲಿ ನಾನು ಆಪ್ಟೊಮೆಟ್ರಿಸ್ಟ್ ಆಗಿದ್ದೆ. ಅಂದರೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಬರೆಯುವವಳು; ಡಾಕ್ಟರ್ ಅಲ್ಲ. ಬಂದವರು ‘ಡಾಕ್ಟ್ರೇ’ ಅಂತ ಕರೆದರೆ ತಿದ್ದುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗುತ್ತಿತ್ತು. ನಿಜವಾದ ಕಣ್ಣಿನ ಡಾಕ್ಟರು ಸೋಮವಾರ ಮತ್ತು ಗುರುವಾರ ಸಂಜೆ ಐದು ಗಂಟೆಗೆ ಬರುತ್ತಿದ್ದರು. ಹಿರಿಯರು, ಕೈಗುಣ ಚೆನ್ನಾಗಿತ್ತು, ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ನಾನೇನಾದರೂ ಕಾಯಿಲೆಯ ಹೆಸರು ಎತ್ತಿದರೆ, “ನಂಬರ್ ನೋಡೋದು ನಿನ್ನ ಕೆಲಸ, ಅದನ್ನ ನೋಡು ತಾಯಿ” ಅನ್ನುತ್ತಿದ್ದರು. ಆ ಮಾತು ಎಷ್ಟು ಚುಚ್ಚುತ್ತಿತ್ತೆಂದರೆ, ಬರಬರುತ್ತಾ ಅನುಮಾನ ಬಂದರೂ ಬಾಯಿ ಮುಚ್ಚಿಕೊಂಡಿರುವುದು ನನಗೆ ಅಭ್ಯಾಸವಾಗಿಹೋಯಿತು. ಆ ಅಭ್ಯಾಸ ಒಬ್ಬ ಹೆಂಗಸಿನ ಕಣ್ಣಿಗೆ ಏನು ಮಾಡಿತು ಅನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನಮ್ಮ ಕಡೆ ರಸ್ತೆಗೊಂದು ಡಿಟಿಪಿ ಸೆಂಟರ್ ಹುಟ್ಟಿಕೊಳ್ಳುತ್ತಿದ್ದ ಕಾಲ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಪುಟ ಕಟ್ಟಿ, ಪ್ರೆಸ್ಸಿಗೆ ಕೊಡುವ ಕೆಲಸಕ್ಕೆ ಡಿಟಿಪಿ ಅನ್ನುತ್ತಿದ್ದರು. ಆಗಿನ ಮಾನಿಟರ್ ಅಂದರೆ ಹಳೇ ಟಿವಿಯಂಥ ಡಬ್ಬ. ಉಬ್ಬಿದ ಗಾಜು; ಎದುರಿನ ಕಿಟಕಿ, ತಲೆಯ ಮೇಲಿನ ಟ್ಯೂಬ್‌ಲೈಟ್, ಹಿಂದೆ ಓಡಾಡುವ ಜನ ಎಲ್ಲ ಅದರಲ್ಲಿ ಕಾಣುತ್ತಿತ್ತು. ಕಣ್ಣುರಿ, ಕತ್ತುನೋವು, ತಲೆನೋವು ಅಂತ ದಿನಕ್ಕೆ ನಾಲ್ಕೈದು ಜನ ಬರೋರು. ಅಂಗಡಿಯ ಯಜಮಾನರು, “ಇವರಿಗೆಲ್ಲ ಒಂದು ಸೂಚನಾಪತ್ರ ಅಚ್ಚು ಹಾಕಿಸಿ ಹಂಚೋಣ, ನೀವೇ ಬರೀರಿ” ಅಂದರು. ನನಗೂ ಹುರುಪು. ಒಂದೇ ಮಧ್ಯಾಹ್ನ ಕೂತು ಎಂಟು ಸೂಚನೆ ಬರೆದುಬಿಟ್ಟೆ.

ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ತೋಳಳತೆ ದೂರದಲ್ಲಿರಲಿ, ಬೆನ್ನಿಗೆ ಆಸರೆ ಇರಲಿ, ಪಾದ ನೆಲ ಮುಟ್ಟಲಿ, ಅರ್ಧ ಗಂಟೆಗೊಮ್ಮೆ ದೂರ ನೋಡಿ, ರೆಪ್ಪೆ ಮಿಟುಕಿಸೋದು ಮರೀಬೇಡಿ, ಯುಪಿಎಸ್ ಸದ್ದು ಮುಚ್ಚಲಿಕ್ಕೆ ಅಂತ ಕಿವಿಗೆ ವಾಕ್‌ಮನ್ ಹಾಕಿಕೊಂಡು ಜೋರಾಗಿ ಹಾಡು ಕೇಳಬೇಡಿ. ಇವೆಲ್ಲ ಇವತ್ತಿಗೂ ಸರಿಯಾದ ಮಾತುಗಳೇ. ತಪ್ಪಿದ್ದು ಆರನೆಯದು: “ಗಾಜಿನ ಮೇಲೆ ಬೆಳಕು ಬೀಳದಂತೆ ಕಿಟಕಿ ಮುಚ್ಚಿ, ಕೋಣೆಯನ್ನು ಆದಷ್ಟೂ ಕತ್ತಲಾಗಿಡಿ.” ಇದನ್ನು ಯಾವ ಪುಸ್ತಕದಲ್ಲಿ ಓದಿದ್ದೆ ಅಂತ ಕೇಳಿದರೆ ಉತ್ತರವಿಲ್ಲ. ಸಿನಿಮಾ ಥಿಯೇಟರ್ ಕತ್ತಲಾಗಿರುತ್ತಲ್ಲ, ಅಲ್ಲಿ ಪರದೆ ಚೆನ್ನಾಗಿ ಕಾಣುತ್ತಲ್ಲ, ಇಷ್ಟೇ ನನ್ನ ಲೆಕ್ಕಾಚಾರ.

ಅದನ್ನು ಅಚ್ಚಿಗೆ ಕೊಟ್ಟಿದ್ದು ಬನಶಂಕರಿ ಎರಡನೇ ಹಂತದ ಒಂದು ಸಣ್ಣ ಪ್ರೆಸ್ಸಿಗೆ. ಮಾಲೀಕರು ನಾಗರಾಜಯ್ಯ. ಅವರು ಎರಡು ವರ್ಷದ ಹಿಂದೆ ಹಳೇ ಮೊಳೆ ಅಚ್ಚಿನ ಮೆಷಿನ್ ಮಾರಿ ಎರಡು ಕಂಪ್ಯೂಟರ್ ತಂದಿದ್ದರು. ಮೊಳೆ ಅಂದರೆ ಸೀಸದ ಅಕ್ಷರ. ಒಂದೊಂದನ್ನೇ ಕೈಯಿಂದ ಹೆಕ್ಕಿ ಸಾಲು ಜೋಡಿಸಬೇಕಿತ್ತು. ಆ ಕೆಲಸ ಮಾಡುತ್ತಿದ್ದ ಆರು ಜನರಲ್ಲಿ ಐದು ಜನ “ಈ ಡಬ್ಬದ ಸಹವಾಸ ಬೇಡ” ಅಂತ ಬಿಟ್ಟುಹೋದರು. ಉಳಿದವರು ರತ್ನಮ್ಮ ಒಬ್ಬರೇ. ಕದಿರೇನಹಳ್ಳಿಯವರು, ವಯಸ್ಸು ಐವತ್ತೆರಡು, ಇಪ್ಪತ್ತಾರು ವರ್ಷ ಮೊಳೆ ಜೋಡಿಸಿದ ಕೈ. ಐವತ್ತು ದಾಟಿದ ಮೇಲೆ ಹಟ ಹಿಡಿದು ಕೀಬೋರ್ಡ್ ಕಲಿತಿದ್ದರು.

ಅವರದೊಂದು ನೇಮ ಇತ್ತು. ಕಾಪಿಯಲ್ಲಿ, ಅಂದರೆ ನಾವು ಬರೆದು ಕೊಟ್ಟ ಹಾಳೆಯಲ್ಲಿ, ಏನಿದೆಯೋ ಅದೇ ಅಚ್ಚಾಗಬೇಕು. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ನನ್ನ ಸೂಚನಾಪತ್ರದಲ್ಲಿ ‘ದೂರ’ ಅನ್ನುವ ಮಾತು ಒಂದೇ ಸಾಲಿನಲ್ಲಿ ಎರಡು ಸಲ ಬಂದಿತ್ತು. ಪ್ರೂಫ್ ತೋರಿಸುವಾಗ ಬೆರಳಿಟ್ಟು, “ಇದು ಕೈತಪ್ಪಿ ಬಂದಿದೆ ಅನ್ಸುತ್ತೆ. ನೀವು ಹೇಳಿದ್ರೆ ತೆಗೀತೀನಿ” ಅಂದರು. “ನೀವೇ ತೆಗೆದುಬಿಡಬಹುದಿತ್ತಲ್ಲ ರತ್ನಮ್ಮ?” ಅಂದೆ. “ಅಯ್ಯೋ, ಬರೆದೋರು ಬೇರೆ, ಜೋಡಿಸೋರು ಬೇರೆ ಮೇಡಂ. ನಾವು ಕೈ ಹಾಕಬಾರ್ದು” ಅಂತ ನಾಲಿಗೆ ಕಚ್ಚಿಕೊಂಡರು. ಸೂಚನೆಗಳು ಅವರಿಗೆ ಎಷ್ಟು ಹಿಡಿಸಿದವೆಂದರೆ, ಒಂದು ಪ್ರತಿಯನ್ನು ತಮ್ಮ ಮಾನಿಟರಿನ ಹಿಂದಿನ ಗೋಡೆಗೇ ಅಂಟಿಸಿಕೊಂಡರು. ನಾಗರಾಜಯ್ಯನವರೂ ಓದಿ, ಅಚ್ಚಿಗೆ ಬಳಸುವ ಫಿಲ್ಮ್ ಪ್ಯಾಕೆಟ್ಟಿನಲ್ಲಿ ಬರುವ ಕಪ್ಪು ಕಾಗದವನ್ನು ಕಿಟಕಿಗಳಿಗೆಲ್ಲ ಅಂಟಿಸಿಬಿಟ್ಟರು. ನನಗೆ ಇದು ಗೊತ್ತಾದಾಗ ಹೆಮ್ಮೆಯಾಗಿತ್ತು. ನನ್ನ ಮಾತಿಗೂ ಬೆಲೆ ಇದೆಯಲ್ಲ ಅಂತ.

ಆಗಸ್ಟಿನಲ್ಲಿ ರತ್ನಮ್ಮ ಮೊದಲ ಸಲ ಪರೀಕ್ಷೆಗೆ ಬಂದರು. ಬಲಗಣ್ಣಿನ ಹುಬ್ಬಿನ ಮೇಲೆ ನೋವು. ಎರಡು ತಿಂಗಳಿಂದ ಶುರುವಾಗಿದೆ, ಕೆಲಸಕ್ಕೆ ಕೂತು ಒಂದೆರಡು ಗಂಟೆಗೆ ಬರುತ್ತೆ, ಮನೆಗೆ ಹೊರಟರೆ ಇಳಿಯುತ್ತೆ ಅಂದರು. ನಾನು ಪಟಪಟ ಅಂತ ತೀರ್ಮಾನ ಮಾಡಿದೆ: ಕಂಪ್ಯೂಟರ್ ತಲೆನೋವು. ಅವರದು ಪ್ಲಸ್ ನಂಬರಿನ ದಪ್ಪ ಕನ್ನಡಕ. ನಂಬರ್ ಸ್ವಲ್ಪ ಏರಿಸಿ, ಆಗ ತಾನೇ ಬಂದಿದ್ದ ಆಂಟಿಗ್ಲೇರ್ ಗಾಜು ಬರೆದುಕೊಟ್ಟೆ. ಬೆಳಕಿನ ಪ್ರತಿಫಲನ ತಡೆಯುವ ಆ ಗಾಜಿಗೆ ಜನ ‘ಕಂಪ್ಯೂಟರ್ ಗ್ಲಾಸು’ ಅನ್ನುತ್ತಿದ್ದರು. “ಕುರ್ಚಿ ಸರಿ ಇದೆಯಾ?” ಅಂತ ಕೇಳಿದೆ. “ಎಂಟೂ ಪಾಲಿಸ್ತಿದೀನಿ ಮೇಡಂ” ಅಂದರು. ಎರಡು ತಿಂಗಳ ಹಿಂದೆ ಅವರ ಕೋಣೆಯಲ್ಲಿ ಏನು ಬದಲಾಯಿತು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಸೆಪ್ಟೆಂಬರಿನ ಒಂದು ಮಂಗಳವಾರ ಮತ್ತೆ ಬಂದರು. ಮುಖ ಬಾಡಿತ್ತು. ನೋವು ಕಮ್ಮಿಯಾಗುವುದಿರಲಿ, ಈಗ ಹೊಟ್ಟೆ ತೊಳಸುತ್ತಂತೆ, ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತಂತೆ. ಕುರ್ಚಿಯ ಮೇಲೆ ಕೂತು ಸೆರಗಿನ ತುದಿ ತಿರುವುತ್ತಾ ಮೆಲ್ಲಗೆ ಹೇಳಿದರು: “ಮೇಡಂ, ಮೊಳೆ ಬಿಟ್ಟು ಇದನ್ನ ಕಲಿತೆ. ಕಣ್ಣು ಹೋದ್ರೆ, ಇದನ್ನ ಬಿಟ್ಟು ಇನ್ನೇನು ಕಲೀಲಿ?”

ಪಾಪೆ ಅಗಲಿಸಿ ಕಣ್ಣಿನ ಒಳಗೆ ಒಂದು ಸಲ ಇಣುಕೋಣ ಅಂದುಕೊಂಡೆ. ಅದಕ್ಕೆ ಡ್ರಾಪ್ಸ್ ಇರುತ್ತೆ. ಹಾಕಿದ ಅರ್ಧ ಗಂಟೆಗೆ ಪಾಪೆ ದೊಡ್ಡದಾಗುತ್ತೆ. ಡಾಕ್ಟರು ಬರುವ ದಿನಗಳಲ್ಲಿ ಸಾಲಾಗಿ ಕೂತವರಿಗೆಲ್ಲ ನಾನೇ ಹಾಕುತ್ತಿದ್ದೆ, ಕೈ ಪಳಗಿತ್ತು. ಬಾಟಲಿಯ ಮುಚ್ಚಳ ತೆಗೆದು, “ತಲೆ ಮೇಲೆತ್ತಿ” ಅಂದೆ. ಎಡಗೈಯಿಂದ ಅವರ ಕೆಳರೆಪ್ಪೆ ಎಳೆದು ಹಿಡಿದಿದ್ದೆ. ಆಗ ಅವರು ಸುಮ್ಮನೆ ಮಾತಿಗೆ ಅಂದರು:

“ನಿನ್ನೆ ಎರಡು ಗಂಟೆ ಕರೆಂಟೇ ಇರ್ಲಿಲ್ಲ ನೋಡಿ. ಕಂಪ್ಯೂಟರ್ ಆಫ್. ಕತ್ತಲಲ್ಲಿ ಸುಮ್ನೆ ಕೂತಿದ್ದೆ. ಆದ್ರೂ ಬಂತು ಮೇಡಂ, ಹಾಳಾದ್ ನೋವು. ತಡೀಲಾರ್ದೆ ರೋಡಿಗೆ ಬಂದು ಬಿಸಿಲಲ್ಲಿ ನಿಂತೆ, ಹತ್ತು ನಿಮಿಷಕ್ಕೆ ಇಳೀತು.”

ನನ್ನ ಕೈ ಅಲ್ಲೇ ನಿಂತಿತು. ಕಂಪ್ಯೂಟರ್ ಆಫ್ ಆಗಿದ್ದರೂ ನೋವು ಬಂತು. ಬಿಸಿಲಿಗೆ ಹೋದರೆ ಇಳಿಯಿತು. ಮಾಮೂಲಿ ತಲೆನೋವಿನವರು ಬೆಳಕು ಕಂಡರೆ ಮುಖ ತಿರುಗಿಸುತ್ತಾರೆ. ಇವರು ಬೆಳಕು ಹುಡುಕಿಕೊಂಡು ಹೋಗಿದ್ದರು. ನಾನು ಡಿಪ್ಲೊಮಾದಲ್ಲಿ ಓದಿದ್ದ ಒಂದು ಪುಟ ತಲೆಯೊಳಗೆ ತೆರೆದುಕೊಂಡಿತು.

ಅದನ್ನು ಸರಳವಾಗಿ ಹೇಳುತ್ತೇನೆ. ಕಣ್ಣಿನ ಒಳಗೆ ನೀರು ಊರುತ್ತಲೇ ಇರುತ್ತೆ, ಅಂಚಿನಲ್ಲಿರುವ ಒಂದು ಸಣ್ಣ ಮೂಲೆಯಿಂದ ಹೊರಗೆ ಹರಿದುಹೋಗುತ್ತಲೂ ಇರುತ್ತೆ. ಕೆಲವರಿಗೆ ಆ ಮೂಲೆ ಹುಟ್ಟಿನಿಂದಲೇ ಇಕ್ಕಟ್ಟು. ಪ್ಲಸ್ ನಂಬರಿನವರ ಕಣ್ಣು ಚಿಕ್ಕದಿರುವುದರಿಂದ ಅವರಲ್ಲಿ ಹೆಚ್ಚು. ಕತ್ತಲಲ್ಲಿ ಪಾಪೆ ಅಗಲವಾದಾಗ ಅದರ ಸುತ್ತಲಿನ ಬಣ್ಣದ ಪರದೆ ಹಿಂದೆ ಸರಿದು ಮೂಲೆಯಲ್ಲಿ ಮುದ್ದೆಯಾಗುತ್ತೆ. ಬಚ್ಚಲ ತೂಬಿಗೆ ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ನೀರು ನಿಂತುಬಿಡುತ್ತೆ, ಒತ್ತಡ ಏರುತ್ತೆ. ಗ್ಲಾಕೋಮಾದಲ್ಲಿ ಇದೊಂದು ಬಗೆ. ಪೂರ್ತಿ ಮುಚ್ಚಿಕೊಂಡರೆ ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗಬಹುದು. ಹೆಚ್ಚಿನವರಿಗೆ ಕತ್ತಲ ಕೋಣೆಯಿಂದ ಕಣ್ಣು ದಣಿಯುತ್ತೆ, ಅಷ್ಟೇ. ಇಂಥ ಕಣ್ಣಿನವರಿಗೆ ಕತ್ತಲೇ ಶತ್ರು. ನನ್ನ ಕೈಯಲ್ಲಿದ್ದ ಬಾಟಲಿ ಮಾಡುತ್ತಿದ್ದುದೂ ಕತ್ತಲಿನ ಕೆಲಸವನ್ನೇ.

ಬಾಟಲಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ. ಪೆನ್ ಟಾರ್ಚ್ ತೆಗೆದು ಕಣ್ಣಿನ ಪಕ್ಕದಿಂದ ಬೆಳಕು ಬಿಟ್ಟೆ. ಸರಿಯಾದ ಕಣ್ಣಾದರೆ ಬೆಳಕು ಈ ಅಂಚಿನಿಂದ ಆ ಅಂಚಿಗೆ ಹರಡಬೇಕು. ಎರಡೂ ಕಣ್ಣಿನಲ್ಲಿ ಮೂಗಿನ ಕಡೆಯ ಅರ್ಧ ನೆರಳಾಗಿತ್ತು. ಮೂಲೆ ಇಕ್ಕಟ್ಟಾಗಿದೆ ಅನ್ನುವುದಕ್ಕೆ ಅದು ಗುರುತು.

ಅವರನ್ನು ಆಗಲೇ ಆಟೋ ಹತ್ತಿಸಿ ಕಣ್ಣಾಸ್ಪತ್ರೆಗೆ ಕಳಿಸಬೇಕಿತ್ತು. ಇದನ್ನು ಇಷ್ಟು ವರ್ಷದ ಮೇಲೂ ನುಂಗಿಕೊಳ್ಳಲಾರೆ. ನಾನು ಕಳಿಸಲಿಲ್ಲ. ಬರೀ ಟಾರ್ಚ್ ನೋಡಿ ಕಾಯಿಲೆ ಹೆಸರು ಹೇಳಿದರೆ ಡಾಕ್ಟರು ಎಲ್ಲರೆದುರು ಬೈತಾರೆ ಅನ್ನುವ ಭಯ. ಅದಕ್ಕಿಂತ ಹೆಚ್ಚಾಗಿ, ನಾನೇ ಬರೆದು ಊರಿಗೆಲ್ಲ ಹಂಚಿದ್ದು ತಪ್ಪು ಅಂತ ಒಪ್ಪಿಕೊಳ್ಳಬೇಕಲ್ಲ ಅನ್ನುವ ಸಂಕಟ. ಗುರುವಾರ ಡಾಕ್ಟರು ಬರ್ತಾರೆ, ಎರಡು ದಿನ ತಾನೆ ಅಂತ ಸಮಾಧಾನ ಮಾಡಿಕೊಂಡೆ.

“ಗುರುವಾರ ಸಂಜೆ ಐದಕ್ಕೆ ತಪ್ಪದೆ ಬನ್ನಿ. ಅಲ್ಲೀವರೆಗೆ ಸ್ವಲ್ಪ ಬೆಳಕಲ್ಲಿ ಕೂತ್ಕೊಳ್ಳಿ” ಅಂದೆ.

ರತ್ನಮ್ಮ ಹುಬ್ಬು ಗಂಟಿಕ್ಕಿದರು. “ಮತ್ತೆ ಆರನೇದು?”

“ಅದು… ಅದು ಬೇರೆ ವಿಷಯ. ನಾನು ಹೇಳಿದ್ದು ಕೇಳಿ” ಅಂತ ಗೊಣಗಿದೆ. ಅವರು ತಲೆಯಾಡಿಸಿ ಹೋದರು.

ಬುಧವಾರ ಬೆಳಿಗ್ಗೆ ಅಂಗಡಿಗೆ ಬಂದವಳೇ ಪ್ರೆಸ್ಸಿಗೆ ಫೋನ್ ಮಾಡೋಣ ಅಂತ ಎರಡು ಸಲ ರಿಸೀವರ್ ಎತ್ತಿದೆ, ಎರಡು ಸಲ ಇಟ್ಟೆ. ಏನಂತ ಹೇಳುವುದು? ಮಧ್ಯಾಹ್ನ ಮೂರೂವರೆಗೆ ಫೋನ್ ತಾನಾಗೇ ಬಂತು. ನಾಗರಾಜಯ್ಯ.

“ಮೇಡಂ, ರತ್ನಮ್ಮ ಹನ್ನೆರಡು ಗಂಟೆಯಿಂದ ವಾಂತಿ ಮಾಡ್ಕೋತಿದ್ದಾರೆ. ತಲೆ ಸಿಡೀತಿದೆ ಅಂತಾರೆ. ಪಕ್ಕದ ಕ್ಲಿನಿಕ್ಕಲ್ಲಿ ಪಿತ್ತ ಅಂತ ಹೇಳಿ ಇಂಜೆಕ್ಷನ್ ಕೊಟ್ರು. ಇಳೀತಿಲ್ಲ. ನಿಮ್ಮನ್ನೇ ಕೇಳ್ತಿದ್ದಾರೆ.”

“ಕಣ್ಣು ಕೆಂಪಗಿದೆಯಾ ಸಾರ್?”

“ಬಲಗಣ್ಣು ಬೆಂಕಿ ಆಗಿದೆ.”

“ಅವರನ್ನ ಹೊರಗೆ ಬೆಳಕಿಗೆ ಕರ್ಕೊಂಡು ಬನ್ನಿ, ನಾನು ಬಂದೆ!” ಅಂತ ಕೂಗಿದೆ. ಅಷ್ಟರಲ್ಲಿ ಲೈನ್ ಕಟ್ಟಾಗಿತ್ತು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಟಾರ್ಚ್ ಕೈಯಲ್ಲಿ ಹಿಡಿದು ರಸ್ತೆಗೆ ಓಡಿದೆ. ಯಡಿಯೂರು ಕೆರೆ ಹತ್ತಿರ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, “ಸ್ವಲ್ಪ ಬೇಗ ಹೋಗಪ್ಪ” ಅಂತ ಎಷ್ಟು ಸಲ ಹೇಳಿದೆನೋ, ಆಟೋದವರು ತಿರುಗಿ ನೋಡಿ, “ಮೇಡಂ, ಹಾರ್‌ಕೊಂಡ್ ಹೋಗ್ಲಾ?” ಅಂದರು. ಹನ್ನೆರಡರಿಂದ ಮೂರೂವರೆ, ಮೂರೂವರೆಯಿಂದ ನಾಲ್ಕು ಅಂತ ಬೆರಳು ಮಡಿಸಿ ಎಣಿಸುತ್ತಿದ್ದೆ.

ಪ್ರೆಸ್ಸಿನ ಒಳಗೆ ಕಾಲಿಟ್ಟರೆ ಕಗ್ಗತ್ತಲು. ಕಿಟಕಿಗೆಲ್ಲ ಕಪ್ಪು ಕಾಗದ, ಟ್ಯೂಬ್‌ಲೈಟ್ ಆರಿಸಿದ್ದರು, ಮಾನಿಟರ್ ಕೂಡ ಆಫ್. ನೆಲದ ಮೇಲೆ ಚಾಪೆ ಹಾಸಿ ರತ್ನಮ್ಮನವರನ್ನು ಮಲಗಿಸಿ, ಕಣ್ಣಿನ ಮೇಲೆ ಮಡಿಸಿದ ಒದ್ದೆ ಬಟ್ಟೆ ಇಟ್ಟಿದ್ದರು.

“ಫೋನಲ್ಲಿ ಏನೋ ಅಂದ್ರಿ, ಕೇಳಿಸ್ಲಿಲ್ಲ. ತಲೆನೋವಿಗೆ ಕತ್ತಲು ಒಳ್ಳೇದು ಅಂತ ಎಲ್ಲಾ ಆರಿಸಿದೀವಿ ಮೇಡಂ” ಅಂದರು ನಾಗರಾಜಯ್ಯ. ಪಾಪ, ಅವರದು ಅಕ್ಕರೆ. ಕೇಳಿ ನನಗೆ ಅಳು ಬಂತು. ಕಿಟಕಿಗೆ ಹೋಗಿ ಕಪ್ಪು ಕಾಗದವನ್ನು ಉಗುರಿನಿಂದ ಕಿತ್ತು ಎಳೆದೆ. ಪರಪರ ಹರಿದು ಬಂತು. ಬಿಸಿಲು ಒಳಗೆ ನುಗ್ಗಿ ಗೋಡೆಯ ಮೇಲೆ ಬಿತ್ತು. ಅಲ್ಲಿ ನನ್ನ ಸೂಚನಾಪತ್ರ ಅಂಟಿಕೊಂಡಿತ್ತು.

ಬಟ್ಟೆ ತೆಗೆದು ನೋಡಿದರೆ ಬಲಗಣ್ಣು ಕೆಂಡದಂತೆ. ಮೇಲಿನ ಗಾಜಿನಂಥ ಪದರ ಮಂಕಾಗಿತ್ತು. ಟಾರ್ಚ್ ಹಾಕಿದರೆ ಪಾಪೆ ಅಲ್ಲಾಡಲಿಲ್ಲ. ಎಡಗಣ್ಣು ಮುಚ್ಚಿ ಎರಡು ಬೆರಳು ತೋರಿಸಿದೆ.

“ಎಷ್ಟು ರತ್ನಮ್ಮ?”

“ಕೈ ಇದೆ ಅಂತ ಗೊತ್ತಾಗುತ್ತೆ. ಬೆರಳು ಗೊತ್ತಾಗ್ತಿಲ್ಲ ಮೇಡಂ.”

“ಬೆಳಕಲ್ಲಿ ಕೂರಿ ಅಂದಿದ್ನಲ್ಲ ನಿನ್ನೆ?” ಅಂದುಬಿಟ್ಟೆ. ಆ ಸ್ಥಿತಿಯಲ್ಲಿ ಅವರನ್ನು ಗದರಿಸಿದೆನಲ್ಲ, ಥೂ, ನನಗೇ ಹೇಸಿಗೆಯಾಗುತ್ತೆ. ಅವರು ಗೋಡೆಯ ಕಡೆ ಕೈ ತೋರಿಸಿ ಮೆಲ್ಲಗೆ ಅಂದರು, “ನೀವು ಬಾಯಲ್ಲಿ ಹೇಳಿದ್ರಿ. ಅಲ್ಲಿ ಅಚ್ಚಾಗಿತ್ತು.”

ಇಪ್ಪತ್ತೆಂಟು ವರ್ಷ ಅಚ್ಚಾದ ಮಾತನ್ನೇ ನಂಬಿದ ಹೆಂಗಸು. ಬಾಯಿಮಾತಿಗೆ ಅವರು ಅದನ್ನು ಹೇಗೆ ಬಿಟ್ಟಾರು?

ಕಣ್ಣಾಸ್ಪತ್ರೆ ಮುಟ್ಟಿದಾಗ ಐದು ಗಂಟೆಗೆ ಹತ್ತು ನಿಮಿಷ ಇತ್ತು. ಕಣ್ಣಿನ ಒತ್ತಡ ಹತ್ತರಿಂದ ಇಪ್ಪತ್ತೊಂದರೊಳಗೆ ಇರಬೇಕು, ಬಲಗಣ್ಣಿನಲ್ಲಿ ಐವತ್ತಾರು. ಡ್ಯೂಟಿಯಲ್ಲಿದ್ದ ಡಾಕ್ಟರ್ ನನಗಿಂತ ಚಿಕ್ಕವಳು, ಮಾತು ಕಮ್ಮಿ. ಒತ್ತಡ ಇಳಿಸುವ ಡ್ರಿಪ್ ಹಾಕಿಸಿದಳು, ಪಾಪೆ ಚಿಕ್ಕದಾಗಿಸುವ ಡ್ರಾಪ್ಸ್ ಹದಿನೈದು ನಿಮಿಷಕ್ಕೊಮ್ಮೆ ಹಾಕಿಸಿದಳು. ನಾನು ಮಂಚದ ಪಕ್ಕ ನಿಂತಿದ್ದೆ. ಕೇಸ್ ಶೀಟ್ ಬರೆಯುತ್ತಾ ತಲೆಯೆತ್ತದೆ ಕೇಳಿದಳು:

“ನಿಮಗೆ ಅನುಮಾನ ಬಂದಿದ್ದು ಯಾವಾಗ?”

“ನಿನ್ನೆ.”

“ನಿನ್ನೆನೇ ಯಾಕೆ ಕಳಿಸ್ಲಿಲ್ಲ?”

ಗುರುವಾರ, ನಮ್ಮ ಡಾಕ್ಟರು ಅಂತ ಏನೇನೋ ತೊದಲಿದೆ. ಅವಳು ಬರೆದುಕೊಂಡು ಹೋದಳು. ರತ್ನಮ್ಮನವರ ಕಣ್ಣಿನ ಮೇಲೆ ಹತ್ತಿ ಇತ್ತು, ಅಲುಗಾಡದೆ ಮಲಗಿದ್ದರು. ನಿದ್ದೆ ಹತ್ತಿದೆ ಅಂದುಕೊಂಡೆ.

ಏಳು ಗಂಟೆಗೆ ಒತ್ತಡ ಮೂವತ್ತೆಂಟಕ್ಕೆ ಇಳಿಯಿತು. ಬೆಳಿಗ್ಗೆ ಇಪ್ಪತ್ತು. ಎರಡು ದಿನ ಬಿಟ್ಟು, ಕಣ್ಣು ತಿಳಿಯಾದ ಮೇಲೆ, ಎರಡೂ ಕಣ್ಣಿನ ಪರದೆಗೆ ಲೇಸರಿನಿಂದ ಕೂದಲೆಳೆಯಷ್ಟು ತೂತು ಮಾಡಿದರು, ನೀರಿಗೆ ಬೇರೆ ದಾರಿ ಆಗಲಿ ಅಂತ. ಎಡಗಣ್ಣು ಪೂರ್ತಿ ಉಳಿಯಿತು. ಬಲಗಣ್ಣಿನಲ್ಲಿ ನೇರ ನೋಟ ಹೆಚ್ಚುಕಮ್ಮಿ ವಾಪಸ್ ಬಂತು, ಮೇಲಿನ ಒಂದು ಪಕ್ಕದ ನೋಟ ಬರಲಿಲ್ಲ. ಆ ಪಕ್ಕ ಇವತ್ತಿನವರೆಗೂ ಬಂದಿಲ್ಲ. ನಮ್ಮ ಡಾಕ್ಟರಿಗೆ ಗುರುವಾರ ಎಲ್ಲ ಹೇಳಿದೆ. ಬೈಗುಳಕ್ಕೆ ಕಾದು ನಿಂತಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, “ನಮ್ಮನೆಗೆ ಒಂದು ಫೋನ್ ಮಾಡೋದಲ್ವಾ ತಾಯಿ” ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹಂಚಿದ ಸೂಚನಾಪತ್ರಗಳನ್ನು ವಾಪಸ್ ತರಲು ನಾನೇ ಹೊರಟೆ. ಜೆಪಿ ನಗರ, ಕುಮಾರಸ್ವಾಮಿ ಲೇಔಟ್, ಬಿಟಿಎಂ ಅಂತ ಒಂದೊಂದು ಸೆಂಟರಿಗೂ ಹೋಗಿ ಗೋಡೆಯಿಂದ ಕಿತ್ತೆ. ಕೆಲವರು ಕೊಟ್ಟರು, ಕೆಲವರು “ಏನ್ ಮೇಡಂ, ನೀವೇ ಕೊಡ್ತೀರ, ನೀವೇ ಕಿತ್ಕೋತೀರ” ಅಂತ ನಕ್ಕರು. ಎಲ್ಲ ಸಿಗಲಿಲ್ಲ. ಸಿಗದ ಹಾಳೆಗಳು ಇನ್ನೂ ಯಾವ ಕತ್ತಲ ಕೋಣೆಯಲ್ಲಿವೆಯೋ ಅಂತ ಎಷ್ಟೋ ದಿನ ಕಳವಳಪಟ್ಟಿದ್ದೇನೆ.

ಆರು ವಾರಕ್ಕೆ ರತ್ನಮ್ಮ ಕೆಲಸಕ್ಕೆ ವಾಪಸಾದರು. ನಾನು ಹೊಸ ಕಾಪಿ ಬರೆದು ಪ್ರೆಸ್ಸಿಗೆ ಹೋದೆ. ಕಿಟಕಿಗಳು ತೆರೆದಿದ್ದವು. ಮಾನಿಟರನ್ನು ಕಿಟಕಿಗೆ ಎದುರಾಗಿ ಇಡದೆ ಪಕ್ಕಕ್ಕೆ ತಿರುಗಿಸಿದ್ದರು. ಬೆಳಕೂ ಇರುತ್ತೆ, ಗಾಜಿನಲ್ಲಿ ಹೊಳಪೂ ಇರುವುದಿಲ್ಲ. ಇಷ್ಟು ಸುಲಭದ ಉಪಾಯ ನನಗೆ ಮೊದಲು ಹೊಳೆದಿರಲಿಲ್ಲ.

ಹೊಸ ಆರನೇ ಸೂಚನೆಯಾಗಿ ನಾನು ಬರೆದಿದ್ದು ಇಷ್ಟು: “ಕೋಣೆಯಲ್ಲಿ ಹದವಾದ ಬೆಳಕಿರಲಿ. ಕತ್ತಲಲ್ಲಿ ಕಣ್ಣುನೋವು ಹೆಚ್ಚಾಗಿ ಬೆಳಕಿನಲ್ಲಿ ಕಮ್ಮಿಯಾದರೆ ಕಣ್ಣಾಸ್ಪತ್ರೆಗೆ ಹೋಗಿ.” ರತ್ನಮ್ಮ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿ ಓದಿಕೊಂಡರು. ಆ ವಾಲಿಕೆ ಹೊಸದು. ಕಂಪೋಸ್ ಮಾಡಲು ಕೂತರು. ಅರ್ಧ ಗಂಟೆಗೆ ಪ್ರೂಫ್ ಕೈಗಿಟ್ಟರು.

ಒಂದರಿಂದ ಐದು ಓದಿದೆ, ಕಾಪಿಯಲ್ಲಿ ಇದ್ದ ಹಾಗೇ ಇತ್ತು. ಆರನೆಯದರ ಕೊನೆ ಹೀಗಿತ್ತು: “ಅದೇ ದಿನ ಕಣ್ಣಾಸ್ಪತ್ರೆಗೆ ಹೋಗಿ.”

‘ಅದೇ ದಿನ’ ಅಂತ ನಾನು ಬರೆದಿರಲಿಲ್ಲ. ಕಾಪಿ ತೆಗೆದು ನೋಡಿದೆ, ಇರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅವರಿಗೆ ನಿದ್ದೆ ಹತ್ತಿರಲಿಲ್ಲ, ಡಾಕ್ಟರ್ ನನ್ನನ್ನು ಕೇಳಿದ್ದೆಲ್ಲ ಕೇಳಿಸಿತ್ತು ಅಂತ ಆಗ ಗೊತ್ತಾಯಿತು. ತಲೆಯೆತ್ತಿ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

“ಸಾಲಲ್ಲಿ ಜಾಗ ಇತ್ತು ಮೇಡಂ, ಸೇರಿಸಿದೆ” ಅಂದರು ರತ್ನಮ್ಮ. “ಬೇಡ ಅಂದ್ರೆ ತೆಗೀತೀನಿ.”

ಅದಾದ ಮೇಲೆ ಹದಿನೆಂಟು ವರ್ಷ ಕಣ್ಣು ನೋಡಿದೆ. ನೋವು ಯಾವಾಗ ಬರುತ್ತೆ ಅಂತ ಕೇಳಿದ ಮೇಲೆ, ಎಲ್ಲಿಗೆ ಹೋದರೆ ಇಳಿಯುತ್ತೆ ಅಂತಲೂ ಕೇಳಿದೆ. ಅನುಮಾನ ಬಂದವರನ್ನು ಅವತ್ತೇ ಕಳಿಸಿದೆ. ಎಷ್ಟೋ ಸಲ ನನ್ನ ಅನುಮಾನ ಸುಳ್ಳಾಯಿತು, ಬೈಸಿಕೊಂಡೆ, ಸಂತೋಷವಾಗಿ ಮನೆಗೆ ಹೋದೆ. ಈ ಪಾಠ ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಒಂದೇ ಒಂದು ಸಲ ಬೇರೆಯವರ ಕಾಪಿಗೆ ಕೈ ಹಾಕಿದ ಆ ಹೆಂಗಸು ಕಲಿಸಿದರು.

ಅವತ್ತು “ಇರ್ಲಿ ರತ್ನಮ್ಮ” ಅನ್ನುವಷ್ಟೇ ಶಕ್ತಿ ಇತ್ತು. ಪ್ರೂಫಿನ ಕೆಳಗೆ ಸಹಿ ಹಾಕಿ ಕೊಟ್ಟೆ.